ದೆಹಲಿಯ ಹೊಗೆಮಂಜು: ಹವೆಯ ಪಾಲು, ಮನುಷ್ಯರ ಪಾಲು

ದೆಹಲಿಯ ರಸ್ತೆಗಳಲ್ಲಿ ಓಡುವ ವಾಹನಗಳ ಸಂಖ್ಯೆ ಆಗಸ್ಟ್‌ಗೂ ನವೆಂಬರ್‌ಗೂ ಹೆಚ್ಚು ಬದಲಾಗುವುದಿಲ್ಲ. ಸುತ್ತಲಿನ ಕಾರ್ಖಾನೆಗಳೂ ಉಷ್ಣವಿದ್ಯುತ್ ಸ್ಥಾವರಗಳೂ ವರ್ಷವಿಡೀ ನಡೆಯುತ್ತವೆ. ಆದರೂ ಮಳೆಗಾಲದಲ್ಲಿ ತಕ್ಕಮಟ್ಟಿಗೆ ತಿಳಿಯಾಗಿರುವ ಅಲ್ಲಿನ ಗಾಳಿ, ನವೆಂಬರ್ ಹೊತ್ತಿಗೆ ಶಾಲೆಗಳಿಗೆ ರಜೆ ಕೊಡಬೇಕಾದಷ್ಟು ಕೆಟ್ಟ ವರ್ಷಗಳು ಹಲವು. ಇದರ ಕಾರಣ ತಿಳಿಯಬೇಕಾದರೆ, ಮಾಲಿನ್ಯದ ಕಣಗಳು ಎಲ್ಲಿಂದ ಬರುತ್ತವೆ ಎಂಬುದರ ಜೊತೆಗೆ ಗಾಳಿಗೆ ಸೇರಿದ ಮೇಲೆ ಅವು ಏನಾಗುತ್ತವೆ ಎಂಬುದನ್ನೂ ನೋಡಬೇಕಾಗುತ್ತದೆ.

ಗಾಳಿಯಲ್ಲಿ ತೇಲುವ, 2.5 ಮೈಕ್ರೋಮೀಟರ್‌ಗಿಂತ, ಅಂದರೆ ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತೈದನೆಯ ಒಂದು ಪಾಲಿಗಿಂತ ಕಿರಿದಾದ ಕಣಗಳನ್ನು ಪಿಎಂ 2.5 ಎನ್ನುತ್ತಾರೆ. ಇವು ಮೂಗು, ಗಂಟಲುಗಳನ್ನು ದಾಟಿ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುವುದರಿಂದ ಒರಟು ಧೂಳಿಗಿಂತ ಅಪಾಯಕಾರಿ. ಭಾರತದ ಮಾನದಂಡದಂತೆ ಇವುಗಳ ವಾರ್ಷಿಕ ಸರಾಸರಿ ಘನ ಮೀಟರ್‌ಗೆ 40 ಮೈಕ್ರೋಗ್ರಾಂ ಮೀರಬಾರದು; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ದೆಹಲಿಯದು 100ರ ಆಸುಪಾಸಿನಲ್ಲಿದೆ.

ಹಗಲಿನಲ್ಲಿ ಬಿಸಿಲಿಗೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಬಿಸಿಮಾಡಿ ಮೇಲಕ್ಕೆ ಕಳಿಸುತ್ತದೆ; ಹೀಗೆ ಮೇಲೆ ಕೆಳಗೆ ಕಲಕಿಕೊಳ್ಳುವ ಗಾಳಿಯ ಪದರಕ್ಕೆ ಮಿಶ್ರಣ ಪದರ ಎಂದು ಹೆಸರು. ನೆಲದಿಂದ ಹೊರಟ ಹೊಗೆ ಬೆರೆಯಲು ಸಿಗುವ ಜಾಗ ಬಹುಮಟ್ಟಿಗೆ ಇಷ್ಟೇ. ಬೇಸಿಗೆಯ ಮಧ್ಯಾಹ್ನಗಳಲ್ಲಿ ದೆಹಲಿಯ ಮೇಲೆ ಎರಡು ಮೂರು ಕಿಲೋಮೀಟರ್ ಎತ್ತರಕ್ಕೆ ಬೆಳೆಯುವ ಈ ಪದರ ಚಳಿಗಾಲದ ರಾತ್ರಿಗಳಲ್ಲಿ ಒಂದೆರಡು ನೂರು ಮೀಟರ್‌ಗೆ ಕುಸಿಯುವುದುಂಟು. ಮೋಡವಿಲ್ಲದ ದೀರ್ಘ ರಾತ್ರಿಯಲ್ಲಿ ನೆಲ ಬೇಗ ತಣಿದು, ಕೆಳಗೆ ತಂಪು ಗಾಳಿಯೂ ಅದರ ಮೇಲೆ ಬೆಚ್ಚನೆಯ ಗಾಳಿಯೂ ನಿಲ್ಲುವ ಸ್ಥಿತಿಗೆ ತಾಪಮಾನ ವಿಲೋಮ ಎನ್ನುತ್ತಾರೆ. ಭಾರವಾದ ತಂಪು ಗಾಳಿ ಮೇಲೇಳಲಾರದೆ, ಬೆಚ್ಚನೆಯ ಪದರ ಪಾತ್ರೆಯ ಮುಚ್ಚಳದಂತೆ ಹೊಗೆಯನ್ನು ಕೆಳಗೇ ತಡೆಯುತ್ತದೆ. ಸಾವಿರ ಮೀಟರ್ ಎತ್ತರಕ್ಕೆ ಹರಡಬೇಕಾದ ಹೊಗೆ ಇನ್ನೂರು ಮೀಟರ್‌ನೊಳಗೆ ಉಳಿದರೆ, ಒಂದು ಒಲೆಯೂ ಹೆಚ್ಚಾಗಿ ಉರಿಯದೆ ಅದರ ಸಾಂದ್ರತೆ ಐದು ಪಟ್ಟಾಗುತ್ತದೆ. ಇದೇ ಕಾಲದಲ್ಲಿ ಗಾಳಿಯ ವೇಗವೂ ತಗ್ಗುವುದರಿಂದ ಅದು ಪಕ್ಕಕ್ಕೆ ಚದುರಿಹೋಗುವ ದಾರಿಯೂ ಇಲ್ಲವಾಗುತ್ತದೆ.

ಹವೆಯ ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಕಣಗಳೆಲ್ಲವೂ ಹೊಗೆಯ ಕೊಳವೆಯಿಂದಲೇ ಕಣಗಳಾಗಿ ಹೊರಬರುವುದಿಲ್ಲ. ವಾಹನಗಳಿಂದ ಬರುವ ನೈಟ್ರೋಜನ್ ಆಕ್ಸೈಡ್‌ಗಳು ಗಾಳಿಯಲ್ಲಿ ನೈಟ್ರಿಕ್ ಆಮ್ಲವಾಗಿ, ಹೊಲಗಳ ಯೂರಿಯಾ ಮತ್ತು ದನಗಳ ಗಂಜಲದಿಂದ ಏಳುವ ಅಮೋನಿಯಾದೊಡನೆ ಕೂಡಿ ಅಮೋನಿಯಂ ನೈಟ್ರೇಟ್ ಎಂಬ ಲವಣದ ಕಣಗಳಾಗುತ್ತವೆ. ಚಳಿ ಮತ್ತು ತೇವ ಈ ಕ್ರಿಯೆಗೆ ಅನುಕೂಲ. ಇಂಥ ಕಣಗಳು ತೇವ ಹೀರಿ ಉಬ್ಬಿ ಬೆಳಕನ್ನು ಇನ್ನಷ್ಟು ಚದುರಿಸುವುದರಿಂದ ಮುಂಜಾನೆಯ ಮಂಜು ದಟ್ಟವಾಗಿ ಕಾಣುತ್ತದೆ.

ಪಂಜಾಬ್, ಹರಿಯಾಣಗಳ ರೈತರು ಭತ್ತದ ಕೂಳೆ ಸುಡುವುದೂ ನವೆಂಬರಿನ ಇದೇ ಹೊತ್ತಿಗೆ. ಅಂತರ್ಜಲ ಉಳಿಸಲೆಂದು ಎರಡೂ ರಾಜ್ಯಗಳು 2009ರಲ್ಲಿ ತಂದ ಕಾನೂನುಗಳು ನಾಟಿಯನ್ನು ಜೂನ್‌ಗೆ ಮುಂದೂಡಿದ್ದರಿಂದ ಕೊಯ್ಲೂ ಮುಂದಕ್ಕೆ ಹೋಯಿತು. ಗೋಧಿ ಬಿತ್ತನೆಗೆ ಉಳಿಯುವ ಕೆಲವೇ ವಾರಗಳಲ್ಲಿ ಬೆಂಕಿಯೇ ಅಗ್ಗದ ಉಪಾಯವಾಯಿತು. ವಾಯವ್ಯದಿಂದ ಬೀಸುವ ಗಾಳಿ ಆ ಹೊಗೆಯನ್ನು ದೆಹಲಿಗೆ ಒಯ್ಯುತ್ತದೆ. ಆದರೆ ಕೂಳೆಯ ಬೆಂಕಿ ಆರಿದ ಡಿಸೆಂಬರ್, ಜನವರಿಗಳಲ್ಲೂ ಗಾಳಿ ಸುಧಾರಿಸದಿರುವುದರಿಂದ ಎಲ್ಲ ತಪ್ಪನ್ನೂ ರೈತರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹವೆ ಕೆಲವು ನಗರಗಳಿಗೆ ನೆರವಾಗುವುದೂ ಉಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿದ್ದು, ಮುಂಗಾರಿನ ಬಿರುಸು ಗಾಳಿ ತಿಂಗಳುಗಟ್ಟಲೆ ಅಲ್ಲಿನ ಹೊಗೆಯನ್ನು ಗುಡಿಸಿಹಾಕುತ್ತದೆ. ದೆಹಲಿಗಿಂತ ಅಲ್ಲಿನ ಗಾಳಿ ಎಷ್ಟೋ ವಾಸಿ ಎಂಬುದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಈ ಭೂಗುಣದ್ದೇ ಹೊರತು ನಗರದ ಶಿಸ್ತಿನದಲ್ಲ.

ಹವೆ ಹಾಗೆಯೇ ಇದ್ದರೂ ಮನುಷ್ಯರ ಪಾಲನ್ನು ಇಳಿಸಬಹುದು ಎಂಬುದಕ್ಕೆ ಲಂಡನ್ ಉದಾಹರಣೆ. 1952ರ ಡಿಸೆಂಬರ್‌ನಲ್ಲಿ ಇಂಥದೇ ವಿಲೋಮದಡಿ ಲಂಡನ್ನಿನ ಕಲ್ಲಿದ್ದಲ ಹೊಗೆ ಐದು ದಿನ ನಿಂತಾಗ, ಆಗಿನ ಲೆಕ್ಕದಲ್ಲೇ ಸುಮಾರು 4,000 ಮಂದಿ ಸತ್ತರು. 1956ರ ಶುದ್ಧ ಗಾಳಿ ಕಾಯ್ದೆ ಮನೆಗಳ ಕಲ್ಲಿದ್ದಲ ಹೊಗೆಗೆ ಕಡಿವಾಣ ಹಾಕಿತು. ಲಂಡನ್ನಿನಲ್ಲಿ ಇಂದಿಗೂ ಚಳಿಗಾಲದಲ್ಲಿ ಗಾಳಿ ನಿಲ್ಲುತ್ತದೆ, ಆದರೆ ಅಷ್ಟು ದೊಡ್ಡ ಪ್ರಮಾಣದ ಸಾವುಗಳು ಮರುಕಳಿಸಿಲ್ಲ. ಆದ್ದರಿಂದ ಮಾಲಿನ್ಯ ಇಳಿಯಿತೆಂದು ಯಾವ ಸರ್ಕಾರ ಹೇಳಿದರೂ, ಆ ವರ್ಷದ ಗಾಳಿ ಮಳೆಗಳ ಕೊಡುಗೆಯನ್ನು ಕಳೆದು ಉಳಿದದ್ದೆಷ್ಟು ಎಂದು ನಾಗರಿಕರು ಕೇಳಬೇಕು.