ಸೀ ವ್ಯೂ ರೂಮಿನಲ್ಲಿ ಅಜ್ಜಿಯ ಪ್ರಶ್ನೆ

ಬಾರ್ಬಡೋಸ್ ಎಂದರೆ ನಮ್ಮ ಪಾಲಿಗೆ ಕ್ರಿಕೆಟ್. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದ ದ್ವೀಪ. ಕಳೆದ ಸೆಮಿಸ್ಟರ್ ರಜೆಯಲ್ಲಿ ನಾನು ಅಲ್ಲಿಗೆ ಹೋಗಿ ಬಂದೆ ಎಂದರೆ ಹಾಸ್ಟೆಲಿನಲ್ಲಿ ಯಾರೂ ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನು ಹೋದದ್ದು ಮಗು ನೋಡಿಕೊಳ್ಳಲು! ಲಂಡನ್ನಿನಲ್ಲಿರುವ ಭಾವನಿಗೆ ಕಂಪನಿಯಿಂದ ನಾಲ್ಕು ರಾತ್ರಿಗಳ ಪ್ರವಾಸ ಬಹುಮಾನವಾಗಿ ಸಿಕ್ಕಿತ್ತು. ರಜೆಗೆಂದು ಅವರ ಮನೆಗೆ ಹೋಗಿದ್ದ ನನ್ನನ್ನು, ಎರಡು ವರ್ಷದ ಮಗನನ್ನು ಎತ್ತಿಕೊಳ್ಳಲು ಜನ ಬೇಕೆಂದು ಅಕ್ಕ ಜೊತೆಗೆ ಹೊರಡಿಸಿದಳು.

ಹೋಟೆಲ್ ಇದ್ದದ್ದು ದ್ವೀಪದ ಪಶ್ಚಿಮ ದಡದಲ್ಲಿ. ಸಿರಿವಂತರ ಬಂಗಲೆ, ಹೋಟೆಲುಗಳು ಸಾಲಾಗಿ ನಿಂತಿರುವ ಆ ದಡಕ್ಕೆ 'ಪ್ಲಾಟಿನಂ ಕೋಸ್ಟ್' ಎಂದೇ ಹೆಸರು. ಪೂರ್ವದ ಅಟ್ಲಾಂಟಿಕ್ ದಡದಲ್ಲಿ ಅಲೆಗಳ ಅಬ್ಬರ ಜೋರು. ಪಶ್ಚಿಮದಲ್ಲಿ ಕಡಲು ಕೆರೆಯಂತೆ ಮಲಗಿರುತ್ತದೆ. ಗಾಜಿನ ಬಾಗಿಲು ಸರಿಸಿ ಹತ್ತು ಹೆಜ್ಜೆ ಇಟ್ಟರೆ ಕಾಲಿಗೆ ಬಿಳಿ ಮರಳು. ಅಷ್ಟು ದೊಡ್ಡ ಕಡಲಿನ ಎದುರಿಗೇ ಒಂದು ಈಜುಕೊಳ. ಒಂದು ರಾತ್ರಿಯ ಬಾಡಿಗೆಯನ್ನು ರೂಪಾಯಿಗೆ ಲೆಕ್ಕ ಹಾಕಿದೆ. ನನ್ನ ಸಿಇಟಿ ಸೀಟಿನ ಒಂದು ವರ್ಷದ ಫೀಸಿಗೆ ಹತ್ತಿರ ಬಂತು. ಆಮೇಲೆ ಲೆಕ್ಕ ಹಾಕುವುದನ್ನೇ ಬಿಟ್ಟೆ.

ಮೊದಲ ದಿನ ಎಲ್ಲವೂ ಬೆರಗು. ದಡದ ಕೆಲವು ಮರಗಳಿಗೆ ಕೆಂಪು ಪಟ್ಟಿ ಬಳಿದಿದ್ದರು. ಅವು ಮ್ಯಾಂಚಿನೀಲ್ ಮರಗಳು. ಹಣ್ಣು ವಿಷ. ಮಳೆಯಲ್ಲಿ ಅದರ ಕೆಳಗೆ ನಿಂತರೂ ಎಲೆಯಿಂದ ತೊಟ್ಟಿಕ್ಕುವ ನೀರಿಗೆ ಚರ್ಮ ಬೊಬ್ಬೆ ಏಳುತ್ತದಂತೆ. ಮಧ್ಯಾಹ್ನದ ಊಟಕ್ಕೆ 'ದ್ವೀಪದ ವಿಶೇಷ' ಎಂದು ಬ್ರೆಡ್‌ಫ್ರೂಟ್ ಚಿಪ್ಸ್ ತಂದಿಟ್ಟರು. ಬಾಯಿಗೆ ಹಾಕಿದರೆ, ಅರೆ, ನಮ್ಮ ಮಂಗಳೂರಿನ ಜೀಗುಜ್ಜೆ! ಕಬ್ಬಿನ ತೋಟಗಳ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು 1793ರಲ್ಲಿ ಕ್ಯಾಪ್ಟನ್ ವಿಲಿಯಂ ಬ್ಲೈ ಇದರ ಗಿಡಗಳನ್ನು ತಾಹಿತಿಯಿಂದ ಹಡಗಿನಲ್ಲಿ ವೆಸ್ಟ್ ಇಂಡೀಸಿಗೆ ತಂದನಂತೆ. ಗುಲಾಮರ ಊಟ ಈಗ ಬೆಳ್ಳಿ ತಟ್ಟೆಯಲ್ಲಿ.

ಮರುದಿನ ಬೆಳಿಗ್ಗೆ ಏಳಕ್ಕೆ ಅಜ್ಜಿಗೆ ವಿಡಿಯೊ ಕಾಲ್ ಮಾಡಿದೆ. ಊರಿನಲ್ಲಿ ಆಗ ಸಂಜೆ ನಾಲ್ಕೂವರೆ. ನನ್ನಜ್ಜಿ ಉಳ್ಳಾಲದವರು. ಅವರ ಮನೆಯೂ 'ಸೀ ವ್ಯೂ' ಮನೆಯೇ ಆಗಿತ್ತು, ಪುಕ್ಕಟೆ. ಪ್ರತಿ ಮಳೆಗಾಲ ಕಡಲು ಒಂದಿಷ್ಟು ಮುಂದೆ ಬಂತು. ಮೊದಲು ತೆಂಗಿನ ಮರಗಳು ಹೋದವು, ಆಮೇಲೆ ಬಾವಿ, ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಡುಗೆಮನೆಯ ಗೋಡೆ. ಈಗ ಅಜ್ಜಿ ಇರುವುದು ಕಡಲು ಕಾಣದ, ಕೇಳಿಸದ ಬಾಡಿಗೆ ಮನೆಯಲ್ಲಿ. ಫೋನ್ ತಿರುಗಿಸಿ ದಡ ತೋರಿಸಿದೆ. ಅಜ್ಜಿ ನೀಲಿ ನೀರನ್ನು ಹೊಗಳಲಿಲ್ಲ. "ಇಷ್ಟು ಹತ್ತಿರ ಕಟ್ಟಿದ್ದಾರಲ್ಲ, ಕಡಲು ಏರಿದರೆ ಇವರೆಲ್ಲ ಎಲ್ಲಿಗೆ ಹೋಗ್ತಾರೆ ಮಗಾ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಟೇಬಲ್ಲಿಗೆ ಬಡಿಸುತ್ತಿದ್ದ ಹುಡುಗನನ್ನು ಕೇಳಿದೆ. ನನ್ನದೇ ವಯಸ್ಸು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕೇವ್ ಹಿಲ್ ಕ್ಯಾಂಪಸ್ಸಿನಲ್ಲಿ ಓದುತ್ತ ಇಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುತ್ತಿದ್ದ. ಅಲ್ಲಿ ಬಾರ್ಬಡೋಸ್‌ನವರ ಬೋಧನಾ ಶುಲ್ಕವನ್ನು 2018ರಿಂದ ಮತ್ತೆ ಸರ್ಕಾರವೇ ಭರಿಸುತ್ತಿದೆ ಎಂದಾಗ ನನಗೆ ಸಣ್ಣ ಹೊಟ್ಟೆಕಿಚ್ಚು. ಅಜ್ಜಿಯ ಪ್ರಶ್ನೆ ಕೇಳಿ ಅವನು ಬೆರಿಲ್ ಚಂಡಮಾರುತದ ಕಥೆ ಹೇಳಿದ. ಫೈನಲ್ ಮುಗಿದ ಬೆನ್ನಿಗೇ ಬಂದ ಆ ಬಿರುಗಾಳಿಯಿಂದ ವಿಮಾನ ನಿಲ್ದಾಣ ಮುಚ್ಚಿ ನಮ್ಮ ಆಟಗಾರರು ಹೋಟೆಲಿನಲ್ಲೇ ಉಳಿಯಬೇಕಾಗಿದ್ದು ನಮಗೆಲ್ಲ ಗೊತ್ತು. ಅದೇ ಗಾಳಿಗೆ ಬ್ರಿಡ್ಜ್‌ಟೌನ್‌ನ ಮೀನುಗಾರಿಕಾ ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ಬಡಿದು ಒಡೆದದ್ದು ನನಗೆ ಗೊತ್ತಿರಲಿಲ್ಲ. ಅವುಗಳಲ್ಲೊಂದು ಅವನ ಮಾವನದು. "ಕಡಲು ಏರಿದರೆ ಅತಿಥಿಗಳು ವಿಮಾನ ಹತ್ತುತ್ತಾರೆ. ನಾವು ಇಲ್ಲೇ ಇರುತ್ತೇವೆ" ಎಂದು ನಕ್ಕು, ಖಾಲಿ ತಟ್ಟೆ ಎತ್ತಿಕೊಂಡು ಹೋದ.

ಅಂದು ಸಂಜೆ ಹೋಟೆಲಿನ ಎದುರಿನ ಮರಳಿನಲ್ಲೇ ಊರಿನ ಹುಡುಗರು ಟೆನಿಸ್ ಬಾಲ್ ಹಿಡಿದು ಕ್ರಿಕೆಟ್ ಶುರು ಮಾಡಿದರು. ಸೆಕ್ಯುರಿಟಿಯವರು ಓಡಿಸುತ್ತಾರೆಂದು ಕಾದೆ. ಯಾರೂ ಓಡಿಸಲಿಲ್ಲ. ಬಾರ್ಬಡೋಸ್‌ನಲ್ಲಿ ಬೀಚುಗಳೆಲ್ಲ ಸಾರ್ವಜನಿಕರ ಸ್ವತ್ತು. ಹೋಟೆಲ್ ಎಷ್ಟೇ ದುಬಾರಿಯಾಗಿರಲಿ, ಕುರ್ಚಿ, ಕೊಡೆ ಅದರದ್ದು. ದಡ ಮಾತ್ರ ಎಲ್ಲರದ್ದು. ಕೈಗೆ ಕಟ್ಟಿದ್ದ ಹೋಟೆಲಿನ ಪಟ್ಟಿಯನ್ನು ತೋಳಿನೊಳಗೆ ತಳ್ಳಿ ನಾನೂ ಫೀಲ್ಡಿಂಗಿಗೆ ನಿಂತೆ. ಇಂಡಿಯಾದವನೆಂದು ಬೌಲಿಂಗೂ ಸಿಕ್ಕಿತು. ಮೊದಲ ಎಸೆತವೇ ಸಿಕ್ಸರ್ ಹೋಗಿ ನೀರಿಗೆ ಬಿತ್ತು.

ಕೊನೆಯ ದಿನ ಭಾವನನ್ನು ಒಪ್ಪಿಸಿ ದಕ್ಷಿಣ ದಡದ ರಿಚರ್ಡ್ ಹೇನ್ಸ್ ಬೋರ್ಡ್‌ವಾಕ್ ನೋಡಲು ಹೋದೆವು. ಕಡಲು ಕೊರೆಯುತ್ತಿದ್ದ ದಡಕ್ಕೆ ಬಂಡೆಗಳನ್ನು ಜೋಡಿಸಿ ಭದ್ರಪಡಿಸಿದ್ದಾರೆ. ಅದರ ಮೇಲೇ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುದಾರಿ. ಸಿವಿಲ್ ವಿದ್ಯಾರ್ಥಿಯಾದ ನಾನು ಬಂಡೆಗಳ ಗಾತ್ರ, ಇಳಿಜಾರು, ದಾರಿಯ ಅಗಲ ಎಲ್ಲದರ ಫೋಟೊ ತೆಗೆದೆ. ಅಕ್ಕ "ಕಲ್ಲು ನೋಡೋಕೆ ಇಷ್ಟು ದೂರ ಬರಬೇಕಿತ್ತಾ?" ಎಂದು ರೇಗಿಸಿದಳು. ಆ ಕಲ್ಲಿನ ಮೇಲೆ ಹೋಟೆಲಿನ ಅತಿಥಿಗಳು, ಜಾಗಿಂಗ್ ಮಾಡುವವರು, ಗಾಲಿಕುರ್ಚಿಯಲ್ಲಿ ಬಂದ ಒಬ್ಬ ಅಜ್ಜ, ಎಲ್ಲರೂ ಸಾಗುತ್ತಿದ್ದರು. ಟಿಕೆಟ್ ಇರಲಿಲ್ಲ.

ನಮ್ಮ ಉಳ್ಳಾಲದಲ್ಲೂ ಕಲ್ಲು ಹಾಕಿದ್ದಾರೆ. ಕಡಲಿನೊಳಗೆ ಕೃತಕ ದಿಬ್ಬಗಳನ್ನೂ ಕಟ್ಟಿದ್ದಾರೆ. ಬಸ್ಸಿನಲ್ಲಿ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇನೆ, ಒಮ್ಮೆಯೂ ಇಳಿದು ನೋಡಿರಲಿಲ್ಲ. ಊರಿಗೆ ಬಂದ ವಾರ ಅಜ್ಜಿಯನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಬೋರ್ಡ್‌ವಾಕ್ ಫೋಟೊಗಳನ್ನು ತೋರಿಸಿ, ಫೈನಲ್ ಇಯರ್ ಪ್ರಾಜೆಕ್ಟಿಗೆ ಕಡಲ್ಕೊರೆತವನ್ನೇ ತೆಗೆದುಕೊಳ್ಳುತ್ತೇನೆ ಎಂದೆ. ಅಜ್ಜಿ ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟು, ಅಲೆಗಳ ಕಡೆ ಬೆರಳು ತೋರಿಸಿದರು. "ಹಾಗಾದರೆ ಬರೆದುಕೋ. ಬಾವಿ ಇದ್ದದ್ದು ಅಲ್ಲಿ."