ತಮಿಳು ಚಾನೆಲ್ ನೋಡುವವರು ಬೆಂಗಳೂರಿನವರಾಗುವುದಿಲ್ಲವೇ?

ರಾಜಾಜಿನಗರಕ್ಕೆ ಅಂಟಿಕೊಂಡಿರುವ ಶ್ರೀರಾಮಪುರದ ಬೀದಿಗಳಲ್ಲಿ ತಮಿಳು ಮಾತು ಸಾಮಾನ್ಯ. ಮಾಗಡಿ ರಸ್ತೆ ದಾಟಿ ಪಾದರಾಯನಪುರ, ಗೋರಿಪಾಳ್ಯದ ಕಡೆ ಹೋದರೆ ಉರ್ದು ಕಿವಿಗೆ ಬೀಳುತ್ತದೆ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಅರ್ಧಕ್ಕಿಂತ ಕಡಿಮೆ ಜನ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದ್ದರು. ಉಳಿದವರಿಗೆ ಅವರವರ ಓದು, ಅವರವರ ಚಾನೆಲ್ ಇವೆ. ಉರ್ದುವಿನಲ್ಲಿ ‘ಸಾಲಾರ್’, ತಮಿಳಿನಲ್ಲಿ ‘ದಿನತಂತಿ’ ಇಲ್ಲೇ ಸಿಗುತ್ತವೆ.

ಮನೆಯಲ್ಲಿ ಸದಾ ತಮ್ಮ ಭಾಷೆಯ ಟಿವಿಯನ್ನೇ ನೋಡುತ್ತಿದ್ದರೆ ಇವರು ಈ ಊರಿನವರಾಗುವುದು ಯಾವಾಗ? ಬಸ್ಸಿನಲ್ಲಿ, ಹೋಟೆಲಿನಲ್ಲಿ ಆಗಾಗ ಕೇಳಿಬರುವ ಈ ದೂರು ಬೆಂಗಳೂರಿನಲ್ಲೇ ಹುಟ್ಟಿದ್ದಲ್ಲ. ಅದನ್ನು ಪರೀಕ್ಷೆಗೆ ಒಡ್ಡುವ ಸಂಶೋಧನೆಗೆ ನೂರು ವರ್ಷ ದಾಟಿದೆ.

ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಜರ್ಮನ್ ಪತ್ರಿಕೆಗಳ ಮೇಲೆ ಸಂಶಯ ಹೊಗೆಯಾಡುತ್ತಿತ್ತು. ಯುದ್ಧ ಮತ್ತು ಸರ್ಕಾರದ ಬಗ್ಗೆ ಪರಭಾಷಾ ಪತ್ರಿಕೆಗಳು ಏನೇ ಬರೆದರೂ ಅದರ ಇಂಗ್ಲಿಷ್ ಅನುವಾದವನ್ನು ಅಂಚೆ ಇಲಾಖೆಗೆ ಒಪ್ಪಿಸಬೇಕೆಂದು 1917ರಲ್ಲಿ ಕಾನೂನೇ ಬಂತು. ಅದೇ ಕಾಲದಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ರಾಬರ್ಟ್ ಪಾರ್ಕ್ ಈ ಪತ್ರಿಕೆಗಳ ಅಧ್ಯಯನಕ್ಕೆ ಕೂತರು. ಹಿಂದೆ ಅವರೇ ಪತ್ರಕರ್ತರಾಗಿದ್ದವರು. 1922ರಲ್ಲಿ ಬಂದ ಅವರ ಪುಸ್ತಕದ ಶೋಧ ಸರ್ಕಾರದ ಅನುಮಾನಕ್ಕೆ ಹೊಂದುವಂತಿರಲಿಲ್ಲ. ತನ್ನೂರಿನಲ್ಲಿ ಪತ್ರಿಕೆಯನ್ನೇ ಮುಟ್ಟದ ರೈತ ಅಮೆರಿಕಕ್ಕೆ ಬಂದ ಮೇಲೆ ತನ್ನ ಭಾಷೆಯ ಪತ್ರಿಕೆ ಓದತೊಡಗಿದ್ದ. ಕೆಲಸ ಎಲ್ಲಿ ಸಿಗುತ್ತದೆ, ಕಾನೂನು ಏನು ಹೇಳುತ್ತದೆ ಎಂಬುದೆಲ್ಲ ಅವನಿಗೆ ತಿಳಿದದ್ದು ಅದರಿಂದಲೇ. ಆ ಪತ್ರಿಕೆ ತಾಯ್ನುಡಿಯನ್ನೂ ಉಳಿಸಿತು, ಹೊಸ ದೇಶವನ್ನೂ ಪರಿಚಯಿಸಿತು.

ಇಂಥ ಅಧ್ಯಯನದಲ್ಲಿ ಒಂದು ತೊಡಕಿದೆ. ವಿಜಯನಗರಕ್ಕೆ ಹೊಸದಾಗಿ ಬಾಡಿಗೆಗೆ ಬಂದ ಗೃಹಿಣಿಯೊಬ್ಬರು ತಮಿಳು ಧಾರಾವಾಹಿಯನ್ನಷ್ಟೇ ನೋಡುತ್ತಾರೆ, ಕನ್ನಡ ಮಾತಾಡುವುದಿಲ್ಲ ಎಂದುಕೊಳ್ಳೋಣ. ಧಾರಾವಾಹಿಯಿಂದಾಗಿ ಕನ್ನಡ ಬರಲಿಲ್ಲವೋ, ಕನ್ನಡ ಬಾರದ್ದರಿಂದ ಧಾರಾವಾಹಿಗೆ ಅಂಟಿಕೊಂಡರೋ? ಒಮ್ಮೆ ಪ್ರಶ್ನಾವಳಿ ತುಂಬಿಸಿಕೊಂಡು ಬಂದರೆ ಇದು ಗೊತ್ತಾಗದು. ಅವರು ಬಂದು ಎಷ್ಟು ವರ್ಷವಾಯಿತು, ಎಷ್ಟು ಓದಿದ್ದಾರೆ, ಹೊರಗೆ ಕೆಲಸಕ್ಕೆ ಹೋಗುತ್ತಾರೆಯೇ ಎಂಬುದನ್ನೆಲ್ಲ ಬಿಡಿಸಿ ನೋಡಬೇಕು. ಎರಡು ಸಂಗತಿ ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ.

ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆಗಳಾದ ಎಆರ್‌ಡಿ ಮತ್ತು ಝಡ್‌ಡಿಎಫ್ 2007ರಲ್ಲಿ ವಲಸಿಗರ ಸಮೀಕ್ಷೆ ನಡೆಸಿದವು. ತಮ್ಮದೇ ಭಾಷೆಯ ಮಾಧ್ಯಮದ ಗೋಡೆಯೊಳಗೆ ಮುಚ್ಚಿಕೊಂಡ ಸಮುದಾಯ ಅಲ್ಲಿ ಕಾಣಲಿಲ್ಲ. ಬಹುಪಾಲು ಜನ ಜರ್ಮನ್ ಮಾಧ್ಯಮವನ್ನೂ ಬಳಸುತ್ತಿದ್ದರು. ಲಂಡನ್ನಿನ ಟರ್ಕಿಶ್ ಕುಟುಂಬಗಳ ನಡುವೆ ಕೆಲಸ ಮಾಡಿದ ಆಸು ಅಕ್ಸೋಯ್ ಮತ್ತು ಕೆವಿನ್ ರಾಬಿನ್ಸ್ ಇನ್ನೂ ಕುತೂಹಲದ ಸಂಗತಿ ಕಂಡರು. ದಿನವೂ ಟರ್ಕಿಯ ಸುದ್ದಿ ನೋಡುವವರಲ್ಲಿ ತವರಿನ ಬಗೆಗಿನ ಭ್ರಮೆ ಕರಗುತ್ತಿತ್ತು. ಎರಡೂ ದೇಶಗಳನ್ನು ಅವರು ಹೋಲಿಸಿ, ಅಳೆದು ನೋಡುತ್ತಿದ್ದರು.

ಬೆಂಗಳೂರಿನ ಅನುಭವ ಇದಕ್ಕಿಂತ ಕಹಿಯಾದದ್ದು. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರುಮಾಡಿತು. ಪ್ರತಿಭಟನೆ ಗಲಭೆಗೆ ತಿರುಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಪ್ರಸಾರ ನಿಂತಿತು. ಇತಿಹಾಸಕಾರ್ತಿ ಜಾನಕಿ ನಾಯರ್ ಈ ನಗರದ ಭಾಷಾ ರಾಜಕಾರಣದ ಬಗ್ಗೆ ವಿವರವಾಗಿ ಬರೆದಿದ್ದಾರೆ. ಕನ್ನಡಕ್ಕೆ ತನ್ನ ರಾಜಧಾನಿಯಲ್ಲೇ ಸಿಗದ ಮನ್ನಣೆಯ ನೋವು ನಿಜವಾದದ್ದೇ. ಆದರೆ ಅದರ ಬೆಲೆ ತೆತ್ತವರು ನೆರೆಹೊರೆಯವರು.

2012ರ ಆಗಸ್ಟ್‌ನಲ್ಲಿ ಸಮಸ್ಯೆಯ ಇನ್ನೊಂದು ಮುಖ ಕಂಡಿತು. ಅಸ್ಸಾಮಿನ ಹಿಂಸಾಚಾರದ ಬೆನ್ನಲ್ಲೇ, ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೂ ದಾಳಿಯಾಗಲಿದೆ ಎಂಬ ಎಸ್ಸೆಮ್ಮೆಸ್ ಹರಡಿ, ಕೆಲವೇ ದಿನಗಳಲ್ಲಿ ಸಾವಿರಾರು ಜನ ಸಿಟಿ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಗೃಹ ಸಚಿವ ಆರ್. ಅಶೋಕ ನಿಲ್ದಾಣಕ್ಕೇ ಹೋಗಿ ಅಭಯ ಕೊಟ್ಟರು. ಕೇಂದ್ರ ಸರ್ಕಾರ ದಿನಕ್ಕೆ ಐದು ಎಸ್ಸೆಮ್ಮೆಸ್‌ಗಳ ಮಿತಿ ಹೇರಿತು. ಆದರೂ ಪರಿಚಿತರ ಮೊಬೈಲಿನಿಂದ ಬಂದ ವದಂತಿಯೇ ಗೆದ್ದಿತು. ತಮ್ಮನ್ನು ಎಂದೂ ಮಾತಾಡಿಸದ ಊರಿನ ಮಾಧ್ಯಮವನ್ನು ಆಪತ್ತಿನಲ್ಲಿ ಯಾರಾದರೂ ಹೇಗೆ ನಂಬಿಯಾರು?

ಜರ್ಮನಿಯ ಸೀಗನ್ ವಿಶ್ವವಿದ್ಯಾಲಯದ ರೈನರ್ ಗೈಸ್ಲರ್ ಒತ್ತಿ ಹೇಳಿದ್ದು ಇದನ್ನೇ. ಬಹುಸಂಖ್ಯಾತರ ಮಾಧ್ಯಮದಲ್ಲಿ ಅಲ್ಪಸಂಖ್ಯಾತರು ಹೇಗೆ ಕಾಣಿಸುತ್ತಾರೆ, ಅದರಲ್ಲಿ ಅವರು ಕೆಲಸ ಮಾಡುತ್ತಾರೆಯೇ ಎಂಬುದೂ ಬೆರೆಯುವಿಕೆಯ ಭಾಗ. ಹೊಣೆ ಎರಡೂ ಕಡೆಗಿದೆ.

ಕನ್ನಡಿಗರಿಗೆ ಇದನ್ನು ಹೊರಗಿನವರು ಕಲಿಸಬೇಕಿಲ್ಲ. ಕಾಸರಗೋಡಿನ ಕನ್ನಡಿಗರು ಕನ್ನಡ ಪತ್ರಿಕೆ ಓದುತ್ತಲೇ ಮಲಯಾಳದಲ್ಲಿ ವ್ಯವಹರಿಸುತ್ತಾರೆ. ಮುಂಬೈಯಲ್ಲಿ ‘ಕರ್ನಾಟಕ ಮಲ್ಲ’ ಓದುವ ಹೋಟೆಲಿನವರಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಅವರ ಕನ್ನಡ ಓದನ್ನು ಯಾರಾದರೂ ಊರದ್ರೋಹ ಎಂದರೆ ನಾವು ಒಪ್ಪುವುದಿಲ್ಲ. ಶ್ರೀರಾಮಪುರ, ಗೋರಿಪಾಳ್ಯದವರಿಗೂ ಅದೇ ಅಳತೆಗೋಲು ಇರಲಿ. ಕನ್ನಡ ಪತ್ರಿಕೆ, ಚಾನೆಲ್‌ಗಳು ಆ ಬೀದಿಗಳಿಗೆ ಗಲಭೆಯಾದ ದಿನ ಮಾತ್ರ ಹೋಗದೆ, ಅಲ್ಲಿನ ಶಾಲೆ, ನಲ್ಲಿನೀರು, ಮದುವೆ, ಹಬ್ಬಗಳ ಸುದ್ದಿಗೂ ಹೋಗಲಿ. ಅಲ್ಲಿನ ಹುಡುಗ ಹುಡುಗಿಯರನ್ನು ವರದಿಗಾರರನ್ನಾಗಿ ಸೇರಿಸಿಕೊಳ್ಳಲಿ.