ಮೊದಲು ಡಿಲೇಯೋ, ರಿವರ್ಬೋ?

ಇಂದಿರಾನಗರದ ನೂರಡಿ ರಸ್ತೆ ಹೆಸರಿಗೆ ತಕ್ಕಂತೆ 30 ಮೀಟರ್ ಅಗಲವಿದೆ ಎಂದಿಟ್ಟುಕೊಳ್ಳಿ. ವಾಹನಗಳಿಲ್ಲದ ಹೊತ್ತಿನಲ್ಲಿ ಒಂದು ಬದಿಯ ಗೋಡೆಗೆ ಬೆನ್ನು ಕೊಟ್ಟು ಚಪ್ಪಾಳೆ ತಟ್ಟಿದರೆ, ಸದ್ದು ಎದುರಿನ ಕಟ್ಟಡಕ್ಕೆ ಬಡಿದು ಮರಳಲು 60 ಮೀಟರ್ ಸಾಗಬೇಕು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಹಾಗಾಗಿ ಮಾರುದನಿ ಸುಮಾರು 175 ಮಿಲಿಸೆಕೆಂಡ್ ತಡವಾಗಿ, ಬಿಡಿಯಾಗಿ ಕಿವಿಗೆ ಬೀಳುತ್ತದೆ. ಗಿಟಾರ್ ನುಡಿಸುವವರು ಡಿಲೇ ಎನ್ನುವುದು ಇದನ್ನೇ. ಅದೇ ಚಪ್ಪಾಳೆಯನ್ನು ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದೊಳಗೆ ತಟ್ಟಿದರೆ ಕಥೆಯೇ ಬೇರೆ. 1882ರಲ್ಲಿ ಪೂರ್ಣಗೊಂಡ ಆ ಗಾಥಿಕ್ ಚರ್ಚಿನ ಎತ್ತರದ ಚಾವಣಿ, ಕಂಬ, ಕಮಾನುಗಳಿಂದ ಸದ್ದು ಲೆಕ್ಕವಿಲ್ಲದಷ್ಟು ಹಾದಿಗಳಲ್ಲಿ ಮರಳಿ, ಒಂದರೊಳಗೊಂದು ಬೆರೆತು, ನಿಧಾನಕ್ಕೆ ಕರಗುತ್ತದೆ. ಅದು ರಿವರ್ಬ್, ಅಂದರೆ ಅನುರಣನ. ಬೆಂಗಳೂರಿನ ‘ಅಂಟಿಲ್ ವಿ ಲಾಸ್ಟ್’ನಂಥ ತಂಡಗಳು ಕಟ್ಟುವ ಆಂಬಿಯೆಂಟ್ ಗಿಟಾರ್ ನಾದದ ಬೆನ್ನೆಲುಬು ಈ ಎರಡರ ಕೂಡಿಕೆ. ಇದಕ್ಕೆ ಕೈಹಾಕಿದವರೆಲ್ಲ ಒಂದು ಜಗಳಕ್ಕೂ ಸಿಕ್ಕಿಕೊಳ್ಳುತ್ತಾರೆ: ಗಿಟಾರಿನಿಂದ ಹೊರಟ ತಂತಿ ಮೊದಲು ಡಿಲೇ ಪೆಡಲ್‌ಗೆ ಹೋಗಬೇಕೋ, ರಿವರ್ಬ್ ಪೆಡಲ್‌ಗೋ? ಡಿಲೇ ಮೊದಲು ಎಂಬುದು ಬಹುಮತದ ತೀರ್ಪು. ಪೆಡಲ್‌ಗಳು ಸದ್ದನ್ನು ತಡಮಾಡಿ ಕೂಡಿಸುವುದನ್ನು ಬಿಟ್ಟು ಬೇರೇನೂ ಮಾಡದ ಡಿಜಿಟಲ್ ಪೆಡಲ್‌ಗಳಾಗಿದ್ದರೆ ಈ ಕ್ರಮದಿಂದ ಏನೂ ಬದಲಾಗದು ಎಂಬುದು ನನ್ನ ವಾದ.

ಕಾರಣ ರಿವರ್ಬಿನ ಹುಟ್ಟಿನಲ್ಲೇ ಇದೆ. ಬೆಲ್ ಲ್ಯಾಬ್ಸ್‌ನ ಮಾನ್‌ಫ್ರೆಡ್ ಶ್ರೋಡರ್ 1960ರ ದಶಕದ ಆರಂಭದಲ್ಲಿ ಕೃತಕ ಅನುರಣನವನ್ನು ಕಟ್ಟಿದ್ದು ಡಿಲೇಗಳಿಂದಲೇ. ಹತ್ತಾರು ಮಿಲಿಸೆಕೆಂಡ್‌ಗಳ ಪುಟ್ಟ ಡಿಲೇಗಳನ್ನು ಅಕ್ಕಪಕ್ಕ ಇಟ್ಟು, ಪ್ರತಿಯೊಂದರ ಹೊರದನಿಯನ್ನು ಅದರ ಒಳಕ್ಕೇ ಸ್ವಲ್ಪ ತಿರುಗಿಸಿ, ಸೆಕೆಂಡಿಗೆ ಸಾವಿರದಷ್ಟು ಮಾರುದನಿಗಳು ಹುಟ್ಟುವಂತೆ ಮಾಡಿದರು. ಅಷ್ಟು ದಟ್ಟವಾದಾಗ ಕಿವಿ ಎಣಿಸುವುದನ್ನು ಬಿಟ್ಟು ಒಂದು ಕೋಣೆಯನ್ನು ಕೇಳತೊಡಗುತ್ತದೆ. ಹಾಗಾದರೆ ಎರಡು ಪೆಡಲ್ ಏಕೆ ಬೇಕು ಎಂದು ಕೇಳಬಹುದು. ದೂರದೂರ ಬರುವ ಮಾರುದನಿ ಲಯವಾಗಿ ಕೇಳುತ್ತದೆ, ದಟ್ಟವಾದದ್ದು ಜಾಗವಾಗಿ ಕೇಳುತ್ತದೆ. ಗಿಟಾರಿಗೆ ಎರಡೂ ಬೇಕು. ಆದರೆ ಎರಡೂ ಮಾಡುವ ಕೆಲಸ ಒಂದೇ: ಬಂದ ಸದ್ದನ್ನು ತಡಮಾಡಿ, ತಗ್ಗಿಸಿ, ಕೂಡಿಸುವುದು. ಇಂಥ ಎರಡು ಕ್ರಿಯೆಗಳನ್ನು ಒಂದರ ಹಿಂದೆ ಒಂದು ಇಡುವುದು ಗಣಿತದಲ್ಲಿ ಗುಣಾಕಾರಕ್ಕೆ ಸಮ. ಮೂರು ನಾಲ್ಕಲಿ ಹನ್ನೆರಡು, ನಾಲ್ಕು ಮೂರಲಿ ಹನ್ನೆರಡೇ. ಪರೀಕ್ಷೆಯೂ ಸುಲಭ. ಕಂಪ್ಯೂಟರಿನಲ್ಲಿ ಒಂದೇ ಗಿಟಾರ್ ತುಣುಕನ್ನು ಎರಡೂ ಕ್ರಮದಲ್ಲಿ ಹಾಯಿಸಿ, ಒಂದರ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿ. ಎರಡೂ ಒಂದೇ ಆಗಿದ್ದರೆ ಉಳಿಯುವುದು ಮೌನ.

‘ನನ್ನ ಕಿವಿಗೆ ವ್ಯತ್ಯಾಸ ಕೇಳುತ್ತದಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಮೇಲಿನ ಗಣಿತ ನಿಲ್ಲಬೇಕಾದರೆ ಪೆಡಲ್ ಸದ್ದನ್ನು ವಿರೂಪಗೊಳಿಸಬಾರದು, ಹೊತ್ತಿನಿಂದ ಹೊತ್ತಿಗೆ ಬದಲಾಗಲೂಬಾರದು. ಹಳೆಯ ಅನಲಾಗ್ ಡಿಲೇ ಈ ಶರತ್ತನ್ನು ಮುರಿಯುತ್ತದೆ. 1969ರಲ್ಲಿ ಫಿಲಿಪ್ಸ್ ಕಂಪನಿಯಲ್ಲಿ ರೂಪುಗೊಂಡ ಬಕೆಟ್ ಬ್ರಿಗೇಡ್ ಚಿಪ್, ಸಾಲಾಗಿ ನಿಂತ ಜನ ಕೊಡವನ್ನು ಕೈಯಿಂದ ಕೈಗೆ ದಾಟಿಸುವಂತೆ, ವಿದ್ಯುದಂಶವನ್ನು ಸಾವಿರಾರು ಕೆಪಾಸಿಟರ್‌ಗಳ ಮೂಲಕ ದಾಟಿಸುತ್ತದೆ. ಜೋರಾದ ಸದ್ದು ಬಂದರೆ ದನಿ ಒಡೆಯುತ್ತದೆ. ಅಂಥ ಡಿಲೇಯೊಳಗೆ ರಿವರ್ಬಿನ ಇಡೀ ಮೋಡವನ್ನು ನುಗ್ಗಿಸಿದರೆ ಆಗುವ ಒರಟು, ಬಿಡಿ ಸ್ವರ ಹೋದರೆ ಆಗದು. ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವ ಶಿಮರ್ ರಿವರ್ಬ್, ಅಲುಗುವ ಮಾಡ್ಯುಲೇಶನ್, ಸ್ಟೀರಿಯೋವನ್ನು ಒಂದೇ ತಂತಿಗೆ ಇಳಿಸುವ ಪೆಡಲ್, ಇವೆಲ್ಲ ಕ್ರಮಕ್ಕೆ ಅರ್ಥ ಕೊಡುತ್ತವೆ. ಅಂದರೆ ಕಿವಿ ಹಿಡಿದದ್ದು ಕ್ರಮದ ನಿಯಮವನ್ನಲ್ಲ, ಆ ಪೆಡಲ್‌ಗಳ ಸ್ವಭಾವವನ್ನು.

ಜಗಳಕ್ಕೆ ಹೋಗುವ ಗಮನವನ್ನು ಕಾಲಾವಧಿಗೆ ಕೊಡಬೇಕು. ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯವನ್ನು ಅನುರಣನ ಕಾಲ ಎನ್ನುತ್ತಾರೆ. 1890ರ ದಶಕದಲ್ಲಿ ಹಾರ್ವರ್ಡ್‌ನ ವ್ಯಾಲೇಸ್ ಸೇಬಿನ್ ಕಂಡುಕೊಂಡಂತೆ, ಅದು ಕೋಣೆಯ ಗಾತ್ರಕ್ಕೆ ತಕ್ಕಂತೆ ಹೆಚ್ಚುತ್ತದೆ, ಒಳಗಿನ ವಸ್ತುಗಳು ಸದ್ದನ್ನು ಹೀರಿದಷ್ಟೂ ತಗ್ಗುತ್ತದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಜನ ಕಿಕ್ಕಿರಿದಾಗ ಬೆಸಿಲಿಕಾದ ಅನುರಣನ ಖಾಲಿ ಚರ್ಚಿನದಕ್ಕಿಂತ ಮೊಟಕಾಗುವುದು ಮೈ, ಬಟ್ಟೆಗಳು ಸದ್ದನ್ನು ಹೀರುವುದರಿಂದ. ಡಿಲೇಗೂ ಇಂಥದೇ ಲೆಕ್ಕವಿದೆ. ಹೊರದನಿಯನ್ನು ಮತ್ತೆ ಒಳಕ್ಕೆ ತಿರುಗಿಸುವ ಪ್ರಮಾಣ, ಅಂದರೆ ಫೀಡ್‌ಬ್ಯಾಕ್, ಅರ್ಧಕ್ಕಿದ್ದರೆ ಪ್ರತಿ ಮರುದನಿ 6 ಡೆಸಿಬೆಲ್ ಇಳಿಯುತ್ತದೆ; 60 ಡೆಸಿಬೆಲ್ ಇಳಿಯಲು 400 ಮಿಲಿಸೆಕೆಂಡ್ ಅಂತರದಲ್ಲಿ ಹತ್ತು ಮರುದನಿ, ಅಂದರೆ 4 ಸೆಕೆಂಡ್. ಫೀಡ್‌ಬ್ಯಾಕನ್ನು ಶೇ. 70ಕ್ಕೆ ಏರಿಸಿದರೆ ಅದು ಸುಮಾರು 8 ಸೆಕೆಂಡಿಗೆ ಜಿಗಿಯುತ್ತದೆ. ಗುಂಡಿ ತಿರುಗಿದ್ದು ಸ್ವಲ್ಪ, ಬಾಲ ಬೆಳೆದದ್ದು ದುಪ್ಪಟ್ಟು. ಅದರ ಮೇಲೆ ಉದ್ದನೆಯ ರಿವರ್ಬನ್ನೂ ಹೊದಿಸಿ, ಎರಡೆರಡು ಸೆಕೆಂಡಿಗೆ ಕಾರ್ಡ್ ಬದಲಿಸಿದರೆ ಹಳೆಯದು ಮುಗಿಯುವ ಮೊದಲೇ ಹೊಸದು ಬಂದು ಎರಡೂ ಕಲಸಿಹೋಗುತ್ತವೆ. ಆಂಬಿಯೆಂಟ್ ವಾದಕರು ಕಡಿಮೆ ಸ್ವರ ನುಡಿಸುವುದಕ್ಕೆ ಇದೊಂದು ಬಲವಾದ ಕಾರಣ. ಇಲ್ಲಿ ನಮ್ಮ ರಾಗಗಳಿಗೆ ಅನುಕೂಲವಿದೆ ಎಂದೇ ನನ್ನ ಅಭಿಪ್ರಾಯ. ಮೋಹನದ ಐದು ಸ್ವರಗಳ ನಡುವೆ ಎಲ್ಲೂ ಅರ್ಧಸ್ವರದ ಅಂತರವಿಲ್ಲ, ಐದೂ ಒಟ್ಟಿಗೆ ಮೊಳಗಿದರೂ ಕರ್ಕಶವಾಗದು. ತೋಡಿಯ ಹತ್ತಿರ ಹತ್ತಿರದ ಸ್ವರಗಳಿಗೆ, ಅವುಗಳ ತುಂಬು ಗಮಕಕ್ಕೆ ಈ ಸಲಿಗೆ ಇಲ್ಲ. ಅಲ್ಲಿ ರಿವರ್ಬನ್ನು ಒಂದೆರಡು ಸೆಕೆಂಡಿಗೆ ಇಳಿಸಿ, ಡಿಲೇಯ ದನಿಯನ್ನು ಮೂಲ ಸ್ವರಕ್ಕಿಂತ ಸಾಕಷ್ಟು ತಗ್ಗಿಸಿಟ್ಟರೆ ಮಾತ್ರ ಗಾಂಧಾರದ ತೂಗಾಟ ಬಿಡಿಬಿಡಿಯಾಗಿ ಕೇಳುತ್ತದೆ.